ಗೆಳೆಯನ ಸೈನ್ಯಕ್ಕೆ ಬಣ್ಣ ಹಚ್ಚುವ ಮುನ್ನ

(ಆಟದ ಮಿನಿಯೇಚರ್ ಗೊಂಬೆಗಳಿಗೆ ಬಣ್ಣ ಹಚ್ಚುವ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಬೇರೆಯವರ ಗೊಂಬೆಗಳಿಗೆ ಬಣ್ಣ ಹಚ್ಚಿಕೊಡುವಾಗ ಎದುರಾಗುವ ತೊಡಕುಗಳೇ ಐದರಲ್ಲೂ ಇವೆ.)

ಪ್ರಶ್ನೆ: ಮಾನ್ಯರೇ, ಮೇಜಿನ ಮೇಲೆ ಆಡುವ ಯುದ್ಧದ ಆಟಗಳ ಪುಟ್ಟ ಗೊಂಬೆಗಳಿಗೆ ನಾನು ಆರು ವರ್ಷಗಳಿಂದ ಬಣ್ಣ ಹಚ್ಚುತ್ತಿದ್ದೇನೆ. ಈವರೆಗೆ ನನ್ನ ಗೊಂಬೆಗಳಿಗೆ ಮಾತ್ರ ಹಚ್ಚಿದ್ದೆ. ಈಗ ಜೊತೆಯಲ್ಲಿ ಆಡುವ ಗೆಳೆಯನೊಬ್ಬ ತನ್ನ ಸೈನ್ಯಕ್ಕೂ ಬಣ್ಣ ಹಚ್ಚಿಕೊಡಬೇಕೆಂದು ಕೇಳಿದ್ದಾನೆ, ಹಣವನ್ನೂ ಕೊಡುತ್ತಾನಂತೆ. 28 ಮಿಲಿಮೀಟರ್ ಅಳತೆಯ 40 ಕಾಲಾಳುಗಳು, 6 ಕುದುರೆ ಸವಾರರು ಮತ್ತು ಒಬ್ಬ ಸೇನಾಪತಿ ಇದ್ದಾರೆ. ಹೇಗಿರಬೇಕು ಎಂದು ವಿಚಾರಿಸಿದರೆ, ‘ನೀನು ಹೇಗೆ ಮಾಡಿದರೂ ನನಗೆ ಒಪ್ಪಿಗೆ’ ಎನ್ನುತ್ತಾನೆ. ನಾನು ಆಗಲಿ ಎಂದುಬಿಟ್ಟಿದ್ದೇನೆ. ಎಲ್ಲಿಂದ ಆರಂಭಿಸಲಿ, ಎಷ್ಟು ಹಣ ಕೇಳಲಿ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಕಪಟವೇನೂ ಇಲ್ಲ, ಆದರೂ ಆ ಒಂದು ಮಾತನ್ನು ನೆಚ್ಚಿಕೊಂಡು ಕೆಲಸಕ್ಕೆ ಕೈ ಹಾಕಬೇಡಿ. ‘ಹೇಗೆ ಮಾಡಿದರೂ ಒಪ್ಪಿಗೆ’ ಎನ್ನುವವರ ಮನಸ್ಸಿನಲ್ಲೂ ಒಂದು ಚಿತ್ರ ಇದ್ದೇ ಇರುತ್ತದೆ, ಮತ್ತು ಅದಕ್ಕೆ ಹೊಂದದ ಗೊಂಬೆ ಕೈಗೆ ಬಂದಾಗಲಷ್ಟೇ ಅದು ಅವರಿಗೆ ಅರಿವಾಗುತ್ತದೆ. 47 ಗೊಂಬೆಗಳು ಮುಗಿದ ಮೇಲೆ ಆ ಅರಿವು ಮೂಡಿದರೆ ಇಬ್ಬರಿಗೂ ಕಷ್ಟ, ಒಂದು ಮುಗಿದಾಗಲೇ ಮೂಡಿದರೆ ಯಾರಿಗೂ ನಷ್ಟವಿಲ್ಲ. ಆದ್ದರಿಂದ ಮೊದಲು ಒಬ್ಬನೇ ಒಬ್ಬ ಕಾಲಾಳನ್ನು ಆರಿಸಿಕೊಳ್ಳಿ. ಉಳಿದ 39 ಮಂದಿಗೆ ಕೊಡಲು ಸಿದ್ಧವಿರುವಷ್ಟೇ ಶ್ರಮವನ್ನು ಅವನಿಗೂ ಕೊಟ್ಟು, ಗೊಂಬೆ ನಿಲ್ಲುವ ಪೀಠದ ಮೇಲಿನ ಮರಳಿನಿಂದ ಕೊನೆಯ ವಾರ್ನಿಷ್‌ವರೆಗೆ ಪೂರ್ತಿ ಮುಗಿಸಿ ಗೆಳೆಯರ ಕೈಗೆ ಕೊಡಿ. ನಿಮ್ಮಿಬ್ಬರ ನಡುವಿನ ಕರಾರುಪತ್ರ ಆ ಗೊಂಬೆಯೇ. ಮಾದರಿಯಾಗಿ ಸೇನಾಪತಿಯನ್ನು ಆರಿಸಬೇಡಿ. ಅವನ ಮೇಲೆ ನೀವು ಸಹಜವಾಗಿಯೇ ಮೂರು ಪಟ್ಟು ಹೊತ್ತು ಕಳೆಯುತ್ತೀರಿ, ಆಮೇಲೆ ಗೆಳೆಯರು ಅದೇ ನಯವನ್ನು 40 ಕಾಲಾಳುಗಳಲ್ಲೂ ಹುಡುಕುತ್ತಾರೆ.

ಮಾದರಿಯನ್ನು ಫೋಟೊದಲ್ಲಿ ತೋರಿಸಿ ಒಪ್ಪಿಗೆ ಪಡೆಯಬೇಡಿ. 28 ಮಿಲಿಮೀಟರ್ ಗೊಂಬೆ ಫೋನಿನ ಪರದೆಯನ್ನು ತುಂಬಿಕೊಂಡಾಗ ನಾಲ್ಕೈದು ಪಟ್ಟು ದೊಡ್ಡದಾಗುತ್ತದೆ. ಮೇಜಿನ ಮೇಲೆ ಯಾರ ಕಣ್ಣಿಗೂ ಬೀಳದ ಕುಂಚದ ಗೆರೆ ಅಲ್ಲಿ ಗಾಯದಂತೆ ಕಾಣುತ್ತದೆ, ಬಣ್ಣವಂತೂ ಪರದೆಯಿಂದ ಪರದೆಗೆ ಬದಲಾಗುತ್ತದೆ. ಒಮ್ಮೆ ಪರಿಚಿತರೊಬ್ಬರಿಗಾಗಿ 12 ಗೊಂಬೆಗಳ ಮೇಲಂಗಿಗೆ ನಾನು ಹಚ್ಚಿದ ಕೆಂಪನ್ನು ಅವರು ಫೋನಿನಲ್ಲಿ ನೋಡಿ ಮೆಚ್ಚಿದ್ದರು. ಗೊಂಬೆಗಳು ಕೈಗೆ ಬಂದಾಗ ‘ಇದು ಕೆಂಪಲ್ಲ, ಇಟ್ಟಿಗೆಯ ಬಣ್ಣ’ ಎಂದರು. ಅವರು ಹೇಳಿದ್ದೂ ಸರಿಯೇ ಆಗಿತ್ತು. ಹನ್ನೆರಡಕ್ಕೂ ಮತ್ತೆ ಹಚ್ಚಿದೆ. ಗೊಂಬೆಯನ್ನು ಮೇಜಿನ ಮೇಲಿಟ್ಟು, ಆಡುವಾಗ ಕಾಣುವಂತೆ ಒಂದು ತೋಳಿನ ದೂರದಿಂದ ನೋಡಲು ಹೇಳಿ. ಅಲ್ಲಿಂದ ಮುಖ, ಆಯುಧ ಮತ್ತು ಸೈನ್ಯದ ಮುಖ್ಯ ಬಣ್ಣ ಈ ಮೂರೂ ಸ್ಪಷ್ಟವಾಗಿ ಬೇರೆಬೇರೆಯಾಗಿ ತಿಳಿದರೆ ಆಟದ ಮೇಜಿಗೆ ಬೇಕಾದ ಮಟ್ಟ ಬಂದಿದೆ ಎಂದರ್ಥ. ಗಾಜಿನ ಕಪಾಟಿನಲ್ಲಿಟ್ಟು ಹತ್ತಿರದಿಂದ ನೋಡುವ ಗೊಂಬೆಯ ಮಟ್ಟವೇ ಬೇರೆ, ಅದಕ್ಕೆ ತಗಲುವ ಕಾಲವೇ ಬೇರೆ. ಇವೆರಡರಲ್ಲಿ ಯಾವುದು ಬೇಕೆಂದು ಆರಿಸುವುದನ್ನು ಗೆಳೆಯರಿಗೆ ಬಿಡಿ, ಆದರೆ ಆಯ್ಕೆ ಇದೆ ಎಂಬುದನ್ನು ನೀವೇ ಹೇಳಬೇಕು.

ಮಾದರಿಯನ್ನು ಮಾಡುವಾಗ ಪಕ್ಕದಲ್ಲಿ ಗಡಿಯಾರವಿರಲಿ, ಒಂದು ನೋಟ್‌ಪುಸ್ತಕವೂ ಇರಲಿ. ಬಿಡಿಭಾಗಗಳ ಮೇಲಿನ ಅಚ್ಚಿನ ಗೆರೆಗಳನ್ನು ಬ್ಲೇಡಿನ ಹಿಂಬದಿಯಿಂದ ಕೆರೆಯುವುದು, ಸೋಪುನೀರಿನಲ್ಲಿ ತೊಳೆಯುವುದು, ಜೋಡಿಸುವುದು, ಸಂದುಗಳಿಗೆ ಎಪಾಕ್ಸಿ ಪುಟ್ಟಿ ತುಂಬುವುದು: ಬಣ್ಣದ ಡಬ್ಬಿ ತೆರೆಯುವ ಮೊದಲಿನ ಈ ಕೆಲಸವನ್ನು ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಒಟ್ಟು ಸಮಯದ ದೊಡ್ಡ ಪಾಲನ್ನು ನುಂಗುವುದು ಎಷ್ಟೋ ಸಲ ಇದೇ. ಗೆಳೆಯರು ಗೊಂಬೆಗಳನ್ನು ತಾವೇ ಜೋಡಿಸಿ ಕೊಡುತ್ತಾರೆಯೇ ಎಂದು ಕೇಳಿ. ಕೊಡುವುದಾದರೆ ಕುದುರೆಯ ಮೇಲೆ ಸವಾರನನ್ನು, ಎದೆಯ ಮೇಲೆ ಗುರಾಣಿಯನ್ನು ಅಂಟಿಸದೆ ಬಿಡಿಯಾಗಿಯೇ ತರಲು ತಿಳಿಸಿ, ಏಕೆಂದರೆ ಗುರಾಣಿ ಅಂಟಿದ ಮೇಲೆ ಅದರ ಹಿಂದಿನ ಎದೆಯನ್ನು ಯಾವ ಕುಂಚವೂ ಮುಟ್ಟಲಾರದು. ಅಂಟಿಸುವ ಜಾಗಕ್ಕೆ ಬಣ್ಣ ತಾಕದಂತೆಯೂ ನೋಡಿಕೊಳ್ಳಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟಾದ್ದರಿಂದ ನಡುವೆ ಬಣ್ಣದ ಪದರವಿದ್ದರೆ ಅದು ಹಿಡಿಯುವುದಿಲ್ಲ. ಲೋಹಕ್ಕೂ ಎರಕ ಹೊಯ್ದ ರಾಳವಾದ ರೆಸಿನ್‌ಗೂ ಅದು ಮೊದಲೇ ಒಗ್ಗದು, ಅವುಗಳಿಗೆ ಸೂಪರ್ ಗ್ಲೂ ಬೇಕು.

ಅಂಟು ಹಾಕುವ ಮೊದಲು ಕೇಳಲೇಬೇಕಾದ ಇನ್ನೆರಡು ಸಂಗತಿಗಳಿವೆ. ಪೆಟ್ಟಿಗೆಯಲ್ಲಿ ಕತ್ತಿಯೂ ಈಟಿಯೂ ಬಿಲ್ಲೂ ಇದ್ದರೆ ಯಾರ ಕೈಗೆ ಯಾವುದು ಎಂಬುದು ಮೊದಲನೆಯದು. ಹಲವು ಆಟಕೂಟಗಳಲ್ಲಿ ಗೊಂಬೆಯ ಕೈಯಲ್ಲಿ ಕಾಣುವ ಆಯುಧವೇ ಆಟಗಾರ ತನ್ನ ಸೈನ್ಯದ ಬಗ್ಗೆ ಬರೆದುಕೊಡುವ ಆಟದ ಪಟ್ಟಿಯಲ್ಲೂ ಇರಬೇಕೆಂಬ ರೂಢಿ ಇರುವುದರಿಂದ, ಅಂದಕ್ಕೆಂದು ನೀವು ಕೊಟ್ಟ ಈಟಿ ಅವರ ಆಟವನ್ನೇ ಕೆಡಿಸಬಹುದು. ಎರಡನೆಯದು ಪೀಠದ ಅಳತೆ. 25 ಮಿಲಿಮೀಟರ್ ಪೀಠದ ಬದಲು 32 ಮಿಲಿಮೀಟರ್ ಹಾಕಿದರೆ ನೋಟಕ್ಕೆ ಚೆನ್ನಾಗಿರಬಹುದು, ಆದರೆ ಸಾಲುಕಟ್ಟಿ ನಿಲ್ಲಬೇಕಾದ ಸೈನಿಕರು ಸಾಲಿಗೆ ಹೊಂದುವುದಿಲ್ಲ.

ಇನ್ನು ಹಣದ ವಿಷಯ. ಮಾದರಿಗೆ ಹಿಡಿದ ಗಂಟೆಗಳನ್ನು 40ರಿಂದ ಗುಣಿಸಬೇಡಿ, ಹತ್ತು ಹತ್ತರ ತಂಡ ಮಾಡಿ ಒಂದೊಂದೇ ಬಣ್ಣವನ್ನು ಎಲ್ಲಕ್ಕೂ ಹಚ್ಚುತ್ತ ಹೋದರೆ ಒಂದೊಂದು ಗೊಂಬೆಗೆ ತಗಲುವ ಹೊತ್ತು ಕಡಿಮೆಯಾಗುತ್ತದೆ. ಆದರೆ ಅರ್ಧಕ್ಕೆ ಇಳಿಯುತ್ತದೆಂದು ಲೆಕ್ಕ ಹಾಕಬೇಡಿ. ಬೂಟು, ಬೆಲ್ಟುಗಳಲ್ಲಿ ಉಳಿಯುವ ಹೊತ್ತು ಮುಖಗಳಲ್ಲಿ ಉಳಿಯುವುದಿಲ್ಲ. ಮೊದಲ ಹತ್ತು ಮುಗಿದಾಗ ನಿಜವಾದ ಲೆಕ್ಕ ಸಿಗುತ್ತದೆ, ಆದ್ದರಿಂದ ಆ ಹತ್ತಕ್ಕೆ ಮಾತ್ರ ಬೆಲೆ ಹೇಳಿ, ಉಳಿದದ್ದನ್ನು ಆಮೇಲೆ ಇಬ್ಬರೂ ಕುಳಿತು ನಿರ್ಧರಿಸುವುದು ಒಳ್ಳೆಯದು. ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಾಕುವ ಪದರ), ಬಣ್ಣ, ವಾರ್ನಿಷ್‌ಗಳ ಖರ್ಚನ್ನು ಕೂಲಿಯಲ್ಲಿ ಬೆರೆಸದೆ ಬೇರೆಯಾಗಿ ತೋರಿಸಿ, ಅದನ್ನು ಮುಂಗಡವಾಗಿಯೇ ಪಡೆಯಿರಿ.

ಗೆಳೆಯನಲ್ಲವೇ ಎಂಬ ದಾಕ್ಷಿಣ್ಯ ಇಲ್ಲಿ ಅಡ್ಡ ಬರುತ್ತದೆ. ಹಣ ಕಡಿಮೆ ಮಾಡಬೇಕಾಗಿ ಬಂದರೆ ನಿಮ್ಮ ಗಂಟೆಯ ಬೆಲೆಯನ್ನು ಇಳಿಸಬೇಡಿ, ಕೆಲಸವನ್ನು ಇಳಿಸಿ: ಅಂಚುಗಳಿಗೆ ಹೊಳಪಿನ ಗೆರೆ ಎಳೆಯುವುದನ್ನು ಬಿಟ್ಟು, ಬಣ್ಣವನ್ನು ಬಹುಪಾಲು ಒರೆಸಿದ ಕುಂಚದಿಂದ ಉಬ್ಬುಗಳ ಮೇಲೆ ಸವರುವ ಡ್ರೈ ಬ್ರಷಿಂಗ್‌ನಿಂದ ಮುಗಿಸಬಹುದು. ಇಲ್ಲವೇ ತಿಳಿ ಪ್ರೈಮರ್‌ನ ಮೇಲೆ ಒಂದೇ ಲೇಪನದಲ್ಲಿ ನೆರಳನ್ನೂ ಬೆಳಕನ್ನೂ ತೋರುವ ಬಣ್ಣಗಳಿವೆ (2019ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ‘ಕಾಂಟ್ರಾಸ್ಟ್’ ಎಂಬ ಹೆಸರಿನಲ್ಲಿ ಇಂಥವನ್ನು ತಂದ ಮೇಲೆ ಬೇರೆ ತಯಾರಕರೂ ತಂದರು), ಕಾಲಾಳುಗಳಿಗೆ ಅವು ಧಾರಾಳವಾಗಿ ಸಾಕು. ಇಷ್ಟಾದರೂ ಗೆಳೆತನದ ಗುರುತಾಗಿ ಏನಾದರೂ ಕೊಡಬೇಕೆನ್ನಿಸಿದರೆ ಸೇನಾಪತಿಗೆ ಹಣವನ್ನೇ ತೆಗೆದುಕೊಳ್ಳಬೇಡಿ. ಅದು ಉಡುಗೊರೆ ಎಂದು ಅವರಿಗೂ ತಿಳಿಯುತ್ತದೆ, ನಿಮಗೂ ಆ ಗೊಂಬೆಯ ಮೇಲೆ ಬೇಕಾದಷ್ಟು ಕೈಚಳಕ ತೋರಿಸುವ ಸ್ವಾತಂತ್ರ್ಯ ಸಿಗುತ್ತದೆ. 40 ಕಾಲಾಳುಗಳ ಮೇಲೆ ಚದುರಿಸಿ ಕೊಟ್ಟ ರಿಯಾಯಿತಿ ಯಾರಿಗೂ ಕಾಣುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಇಪ್ಪತ್ತೇಳನೆಯ ಬೆಲ್ಟಿಗೆ ಕಂದು ಹಚ್ಚುತ್ತಿರುವಾಗ ನಿಮಗೊಬ್ಬರಿಗೇ ಅದು ಚುಚ್ಚುತ್ತದೆ.

ಬಳಸಿದ ಪ್ರತಿಯೊಂದು ಬಣ್ಣದ ಹೆಸರನ್ನೂ, ಬೆರೆಸಿದ್ದರೆ ಎಷ್ಟು ಹನಿಗೆ ಎಷ್ಟು ಹನಿ ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಸೈನ್ಯ ಕಟ್ಟುವವರು 47ಕ್ಕೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಇನ್ನೂ ಹತ್ತು ಬಂದಾಗ ಅದೇ ನೀಲಿ ಬೇಕಾಗುತ್ತದೆ, ಮತ್ತು ಅಕ್ರಿಲಿಕ್ ಬಣ್ಣ ಒಣಗಿದಾಗ ಹಸಿಯಾಗಿದ್ದಾಗಿನಿಗಿಂತ ಸ್ವಲ್ಪ ಗಾಢವಾಗುವುದರಿಂದ ಕಣ್ಣಂದಾಜಿನಲ್ಲಿ ಅದನ್ನು ಮತ್ತೆ ಬೆರೆಸುವುದು ಸುಲಭವಲ್ಲ. ಆದಷ್ಟೂ ಬೆರಕೆಯಿಲ್ಲದೆ ಬಾಟಲಿಯ ಬಣ್ಣವನ್ನೇ ಬಳಸುವುದು ಇಂಥ ಕೆಲಸಕ್ಕೆ ಜಾಣತನ. ಗೆಳೆಯರು ಹಳದಿ ಸಮವಸ್ತ್ರ ಕೇಳಿದರೆ ಮಾತ್ರ ಬೆಲೆ ಹೇಳುವ ಮೊದಲು ಎರಡು ಸಲ ಯೋಚಿಸಿ, ಹಳದಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ತಿಳಿ ಕಂದು ಅಥವಾ ಗುಲಾಬಿಯ ಅಡಿಲೇಪನದ ಮೇಲೆ ಎರಡು ಮೂರು ತೆಳುವಾದ ಪದರಗಳು ಬೇಕು, ಕಪ್ಪು ಪ್ರೈಮರ್‌ನ ಮೇಲಂತೂ ಅದು ಹಸಿರಿಗೆ ತಿರುಗುತ್ತದೆ.

ಪ್ರಶ್ನೆ: ಸಹೋದ್ಯೋಗಿಯೊಬ್ಬರು ಯಾರಿಂದಲೋ ಕೊಂಡ ಹಳೆಯ ಗೊಂಬೆಗಳನ್ನು ತಂದುಕೊಟ್ಟು ಹೊಸದಾಗಿ ಬಣ್ಣ ಹಚ್ಚಲು ಹೇಳಿದ್ದಾರೆ. ಮೇಲೆ ದಪ್ಪನೆಯ ಹಳೆಯ ಬಣ್ಣವಿದೆ. ಕೆಲವು ಭಾರವಾಗಿವೆ, ಕೆಲವು ಹಗುರ. ಹಳೆಯ ಬಣ್ಣವನ್ನು ತೆಗೆಯುವುದು ಹೇಗೆ?

ಉತ್ತರ: ಮೊದಲು ವಸ್ತು ಯಾವುದೆಂದು ಗುರುತಿಸಿ, ದ್ರವದ ಯೋಚನೆ ಆಮೇಲೆ. ಭಾರವಾದವು ಲೋಹದವು. ಹಗುರವಾದವುಗಳಲ್ಲಿ ಗಟ್ಟಿ ಪ್ಲಾಸ್ಟಿಕ್ (ಪಾಲಿಸ್ಟೈರೀನ್), ಬಾಗಿದರೆ ಮತ್ತೆ ನೆಟ್ಟಗಾಗುವ ಮೆದು ಪ್ಲಾಸ್ಟಿಕ್, ಬಗ್ಗಿಸಹೋದರೆ ಚಟ್ಟನೆ ಮುರಿಯುವ ರೆಸಿನ್ ಎಂದು ಮೂರು ಬಗೆ ಇರಬಹುದು. ಲೋಹಕ್ಕೂ ಗಟ್ಟಿ ಪ್ಲಾಸ್ಟಿಕ್ಕಿಗೂ ಐಸೊಪ್ರೊಪೈಲ್ ಆಲ್ಕೊಹಾಲ್ ಹೊಂದುತ್ತದೆ. ಕೆಲವು ಗಂಟೆ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಅಕ್ರಿಲಿಕ್ ಬಣ್ಣ ಸಿಪ್ಪೆಯಂತೆ ಏಳುತ್ತದೆ. ರೆಸಿನ್ ಅದರಲ್ಲಿ ಹೆಚ್ಚು ಹೊತ್ತು ಕುಳಿತರೆ ಮೆತ್ತಗಾಗುವ ಅಥವಾ ಬಿರುಕು ಬಿಡುವ ಅಪಾಯವಿರುವುದರಿಂದ ಒಂದು ಬೇಡದ ತುಣುಕಿನ ಮೇಲೆ ಪರೀಕ್ಷಿಸದೆ ಮುಂದುವರಿಯಬೇಡಿ, ಮೆದು ಪ್ಲಾಸ್ಟಿಕ್ಕಿಗೂ ಇದೇ ಮಾತು. ಅಸಿಟೋನನ್ನು ಲೋಹಕ್ಕೆ ಮಾತ್ರ ಬಳಸಬಹುದು. ಗಟ್ಟಿ ಪ್ಲಾಸ್ಟಿಕ್ಕಿನ ಗೊಂಬೆಯನ್ನು ಅದರಲ್ಲಿ ಮುಳುಗಿಸಿದರೆ ಬಣ್ಣದ ಜೊತೆಗೆ ಗೊಂಬೆಯೂ ಕರಗುತ್ತದೆ. ಲೋಹದ ಗೊಂಬೆಯಲ್ಲೂ ಸೂಪರ್ ಗ್ಲೂ ಬೆಸುಗೆಗಳು ಬಿಟ್ಟು ಕೈಕಾಲು ಬೇರೆಯಾಗುತ್ತವೆ ಎಂಬುದನ್ನು ಆ ಸಹೋದ್ಯೋಗಿಗೆ ಮೊದಲೇ ಹೇಳಿಬಿಡಿ. ಎರಡೂ ದ್ರವಗಳು ಬೇಗ ಬೆಂಕಿ ಹತ್ತುವಂಥವು. ಕಿಟಕಿ ತೆರೆದಿರಲಿ, ಕೈಗವಸು ಇರಲಿ.

ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅನೇಕ ತಯಾರಕರು ಅದನ್ನು ಕೈಬಿಟ್ಟದ್ದು 1990ರ ದಶಕದಲ್ಲಿ. ಮುಟ್ಟಿದ್ದರಿಂದಲೇ ಅಪಾಯವಾಗುವುದಿಲ್ಲ, ಆದರೆ ಉಜ್ಜುವಾಗ ಏಳುವ ಪುಡಿ ಬಾಯಿಗೆ ಹೋಗಬಾರದು. ನೀರಿನಲ್ಲಿ ಅದ್ದಿಕೊಂಡು ಉಜ್ಜಿ, ಕೆಲಸ ಮುಗಿದೊಡನೆ ಕೈ ತೊಳೆಯಿರಿ, ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಮೈಮೇಲೆ ಬಿಳಿಯ ಬೂದಿಯಂಥ ಪುಡಿ ಎದ್ದಿರುವ ಗೊಂಬೆಯಲ್ಲಿ ಸೀಸವೇ ಸವೆಯುತ್ತಿದೆ. ಅಂಥದ್ದಕ್ಕೆ ಕೂಲಿ ಒಪ್ಪಿಕೊಳ್ಳದೆ ಹಿಂದಿರುಗಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಗೆಳತಿಯ ಗೊಂಬೆಗಳಿಗೆ ಸ್ಪ್ರೇ ಪ್ರೈಮರ್ ಹೊಡೆದೆ. ಒಣಗಿದ ಮೇಲೆ ಮೈಯೆಲ್ಲ ಮರಳು ಹತ್ತಿದಂತೆ ಒರಟಾಗಿದೆ. ಡಬ್ಬಿಯದೇ ದೋಷವೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ತೀರ ದೂರದಿಂದ ಹೊಡೆದರೆ, ಇಲ್ಲವೇ ಬಿಸಿಲು ಜೋರಾಗಿದ್ದರೆ ಬಣ್ಣದ ಹನಿಗಳು ಗೊಂಬೆಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂರುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನವೂ ಮೇಲ್ಮೈ ಕೆಡುತ್ತದೆ. ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಕುಲುಕಿ, 20ರಿಂದ 30 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ ಬೀಸಿ ಬೀಸಿ ಹೊಡೆಯಬೇಕು. ಈಗ ಒರಟಾಗಿರುವುದನ್ನು ಗಟ್ಟಿ ಬಿರುಗೂದಲಿನ ಒಣ ಬ್ರಷ್‌ನಿಂದ ಉಜ್ಜಿ ನೋಡಿ. ಹೋಗದಿದ್ದರೆ ಮೇಲೆ ಹೇಳಿದಂತೆ ಪ್ರೈಮರನ್ನು ಪೂರ್ತಿ ತೆಗೆದು ಮತ್ತೆ ಹೊಡೆಯಬೇಕಾಗುತ್ತದೆ. ಗೆಳತಿಗೆ ತಿಳಿಸದೆ ಅದರ ಮೇಲೆಯೇ ಬಣ್ಣ ಹಚ್ಚಿ ಮುಚ್ಚಲು ಹೋಗಬೇಡಿ, ತಗ್ಗುಗಳಲ್ಲಿ ನೆರಳು ತೋರಿಸುವ ನೀರು ನೀರಾದ ಬಣ್ಣವನ್ನು (ವಾಷ್) ಹಾಕಿದೊಡನೆ ಪ್ರತಿಯೊಂದು ಕಣವೂ ಎದ್ದು ಕಾಣುತ್ತದೆ. ಮುಂದಿನ ಸಲ ಒಂದೇ ಗೊಂಬೆಗೆ ಹೊಡೆದು ಹತ್ತು ನಿಮಿಷ ಕಾಯಿರಿ.

ಪ್ರಶ್ನೆ: ನಾನು ಬಣ್ಣ ಹಚ್ಚಿಕೊಟ್ಟ ಡ್ರ್ಯಾಗನ್ ಗೊಂಬೆಯನ್ನು ಗೆಳೆಯ ತನ್ನ ಹೆಸರಿನಲ್ಲಿ ಬಣ್ಣದ ಸ್ಪರ್ಧೆಗೆ ಕಳುಹಿಸಲಿದ್ದಾನೆಂದು ತಿಳಿಯಿತು. ಹಣ ಪಡೆದಿದ್ದೇನೆ, ಹಾಗಾಗಿ ಕೇಳಲು ಸಂಕೋಚವಾಗುತ್ತಿದೆ.

ಉತ್ತರ: ಸಂಕೋಚಕ್ಕೆ ಕಾರಣವಿಲ್ಲ. ಅವರು ಕೊಂಡದ್ದು ಬಣ್ಣ ಹಚ್ಚಿದ ಗೊಂಬೆಯನ್ನು. ಹಚ್ಚಿದವರು ತಾವೆಂದು ಹೇಳಿಕೊಳ್ಳುವ ಹಕ್ಕನ್ನಲ್ಲ. ಬಣ್ಣದ ಸ್ಪರ್ಧೆಗಳು ಸ್ಪರ್ಧಿ ಸ್ವತಃ ಮಾಡಿದ ಕೆಲಸವನ್ನು ಕೇಳುತ್ತವೆ. ಈ ಕ್ಷೇತ್ರದಲ್ಲಿ ಹೆಸರಾಂತ, 1987ರಲ್ಲಿ ಆರಂಭವಾದ ‘ಗೋಲ್ಡನ್ ಡೀಮನ್’ ಸ್ಪರ್ಧೆಯ ನಿಯಮವೂ ಅದೇ. ಆಟದ ಕೂಟದಲ್ಲಿ ಚೆಂದದ ಸೈನ್ಯಕ್ಕೆಂದು ಕೊಡುವ ಬಹುಮಾನಗಳ ಕ್ರಮ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ, ಅಲ್ಲಿ ಸಂಘಟಕರನ್ನು ಕೇಳಬೇಕು. ನಿಮ್ಮ ಗೆಳೆಯರಿಗೆ ಈ ನಿಯಮ ತಿಳಿಯದೇ ಇರಬಹುದು ಎಂದುಕೊಂಡೇ ಮಾತು ಆರಂಭಿಸಿ, ಪ್ರವೇಶಪತ್ರ ಕಳುಹಿಸುವ ಮೊದಲೇ ಆರಂಭಿಸಿ. ಇನ್ನು ಮೇಲೆ ಕೆಲಸ ಒಪ್ಪಿಕೊಳ್ಳುವಾಗ ಪೀಠದ ತಳಭಾಗದಲ್ಲಿ ನಿಮ್ಮ ಗುರುತನ್ನೂ ಮುಗಿಸಿದ ವರ್ಷವನ್ನೂ ಸಣ್ಣದಾಗಿ ಬರೆಯುವೆನೆಂದು ತಿಳಿಸಿ, ಬರೆಯಿರಿ. ಗೊಂಬೆ ಕೈಯಿಂದ ಕೈಗೆ ಹೋದರೂ ಅದು ಉಳಿಯುತ್ತದೆ.

ಪ್ರಶ್ನೆ: ತಮ್ಮನಂಥ ಗೆಳೆಯನಿಗೆ ಇಪ್ಪತ್ತು ಗೊಂಬೆ ಮಾಡಿಕೊಟ್ಟೆ. ಎರಡನೆಯ ಆಟಕ್ಕೇ ಕತ್ತಿಯ ತುದಿಗಳಲ್ಲೂ ಮಂಡಿಗಳಲ್ಲೂ ಬಣ್ಣ ಎದ್ದಿದೆ, ಸರಿಮಾಡಿಕೊಡು ಎನ್ನುತ್ತಾನೆ. ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದಿದ್ದೆ. ತಪ್ಪು ಯಾರದು? ಸರಿಮಾಡಲು ಹಣ ಕೇಳಬಹುದೇ?

ಉತ್ತರ: ಎರಡನೆಯ ಆಟಕ್ಕೇ ಎದ್ದಿದ್ದರೆ ಈ ಸಲ ಹಣ ಕೇಳಬೇಡಿ. ಬಣ್ಣ ಸಿಪ್ಪೆಯಾಗಿ ಏಳುತ್ತಿದ್ದು ಕೆಳಗೆ ಬರಿಯ ಲೋಹವೋ ರೆಸಿನ್ನೋ ಕಾಣುತ್ತಿದ್ದರೆ ತೊಳೆಯದೆ ಪ್ರೈಮರ್ ಹೊಡೆದಿರಬಹುದು. ಅಚ್ಚಿನಿಂದ ಗೊಂಬೆ ಸುಲಭವಾಗಿ ಬಿಡಲೆಂದು ಹಾಕುವ ಜಿಡ್ಡು ಮೈಮೇಲೆ ಉಳಿದಿದ್ದರೆ ಯಾವ ಬಣ್ಣವೂ ಗಟ್ಟಿಯಾಗಿ ಕೂರುವುದಿಲ್ಲ. ತುದಿಗಳು ಮಾತ್ರ ಸವೆದಿದ್ದರೆ ವಾರ್ನಿಷ್ ಸಾಲದು ಎಂದರ್ಥ. ಆಡುವ ಗೊಂಬೆಗಳಿಗೆ ಮೊದಲು ಹೊಳಪಿನ ವಾರ್ನಿಷ್ ಹಾಕಿ, ಅದು ಪೂರ್ತಿ ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಹಾಕುವುದು ಅನುಭವಿಗಳ ಕ್ರಮ. ಹೊಳಪಿನದು ಹೆಚ್ಚು ಗಟ್ಟಿ, ಅದರ ಕನ್ನಡಿಯಂಥ ಮಿನುಗನ್ನು ಮ್ಯಾಟ್ ಅಡಗಿಸುತ್ತದೆ. ಕತ್ತಿ, ಕವಚಗಳ ಲೋಹದ ಹೊಳಪೂ ಅದರೊಂದಿಗೆ ಮಂಕಾಗುವುದರಿಂದ ಆ ಭಾಗಗಳಿಗೆ ಕುಂಚದಿಂದ ಮತ್ತೊಮ್ಮೆ ಹೊಳಪಿನ ವಾರ್ನಿಷನ್ನು ಮುಟ್ಟಿಸಬೇಕಾಗುತ್ತದೆ. ಇಪ್ಪತ್ತು ಗೊಂಬೆಗಳಿಗೆ ಇದೇನೂ ದೊಡ್ಡ ಕೆಲಸವಲ್ಲ.

ಅವರು ಗೊಂಬೆಗಳನ್ನು ಹೇಗೆ ಒಯ್ಯುತ್ತಾರೆಂದೂ ವಿಚಾರಿಸಿ. ಒಂದೇ ಡಬ್ಬಿಯಲ್ಲಿ ತುಂಬಿ ಕುಲುಕುತ್ತ ತಂದರೆ ಯಾವ ವಾರ್ನಿಷ್ ತಾನೆ ಏನು ಮಾಡೀತು? ಪೀಠದ ಅಡಿಯಲ್ಲಿ ಚಿಕ್ಕ ಆಯಸ್ಕಾಂತ ಅಂಟಿಸಿ, ತಗಡಿನ ತಳವಿರುವ ಪೆಟ್ಟಿಗೆಯಲ್ಲಿ ನಿಲ್ಲಿಸಿ ಒಯ್ದರೆ ಒಂದಕ್ಕೊಂದು ತಾಕುವುದಿಲ್ಲ. ಗೊಂಬೆಯನ್ನು ಎತ್ತುವಾಗ ಪೀಠವನ್ನು ಹಿಡಿಯಬೇಕು, ಕತ್ತಿಯನ್ನಲ್ಲ. ಇದನ್ನು ಹೇಳಲು ಮುಜುಗರವಾದರೂ ಹೇಳಿ. ಇದಾದ ಮೇಲೂ ಸವೆದರೆ ಅದು ಆಟದ ಸವೆತ, ಆಗ ಕೂಲಿ ಕೇಳುವುದು ನ್ಯಾಯ. ನಾನಂತೂ ಗೊಂಬೆಗಳನ್ನು ಒಪ್ಪಿಸುವಾಗ ಮುಖ್ಯವಾದ ಮೂರು ಬಣ್ಣಗಳನ್ನು ಒಂದೊಂದು ಪುಟ್ಟ ಶೀಷೆಯಲ್ಲಿ ಹನಿಸಿ, ಮುಚ್ಚಳದ ಮೇಲೆ ‘ಮೇಲಂಗಿ’, ‘ಬೂಟು’, ‘ಕತ್ತಿಯ ಹಿಡಿ’ ಎಂದು ಬರೆದು ಜೊತೆಗೆ ಕೊಡುತ್ತೇನೆ. ಅಂಗಿಯ ತುದಿ ಸವೆದರೆ ಎಷ್ಟೋ ಮಂದಿ ತಾವೇ ಮುಟ್ಟಿಸಿಕೊಳ್ಳುತ್ತಾರೆ, ಹಾಗೆ ಮುಟ್ಟಿಸಿಕೊಂಡವರಲ್ಲಿ ಇಬ್ಬರು ಈಗ ತಮ್ಮ ಗೊಂಬೆಗಳನ್ನು ನನ್ನ ಬಳಿಗೆ ತರುವುದೇ ಇಲ್ಲ.